ಸಹಾಯ ಬೇಕು: 1931ರ ಮೂಕಿ ‘ವಸಂತಸೇನಾ’ದ ಫೋಟೋ, ಕರಪತ್ರ ಯಾರ ಹತ್ರ ಇದೆ?

ಎಲ್ಲರಿಗೂ ನಮಸ್ಕಾರ. ಮೋಹನ್ ಭವನಾನಿ ನಿರ್ದೇಶಿಸಿದ ಮೂಕಿ ಚಿತ್ರ ‘ವಸಂತಸೇನಾ’ದ ಬಗ್ಗೆ ಮಾಹಿತಿ ಹುಡುಕುತ್ತಿದ್ದೇನೆ. ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ದ ಕಥೆ ಅದು. ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯರ ಜೊತೆ ನಮ್ಮ ಟಿ.ಪಿ. ಕೈಲಾಸಂ ಕೂಡ ನಟಿಸಿದ್ದರು. ಸಿನಿಮಾದ ಪ್ರತಿ ಉಳಿದಿಲ್ಲ ಅಂತಲೇ ಎಲ್ಲರೂ ಹೇಳುತ್ತಾರೆ. ಆಗಿನ ನೈಟ್ರೇಟ್ ರೀಲು ಬೇಗ ಹೊತ್ತಿಕೊಳ್ಳುತ್ತಿತ್ತು, ಇಲ್ಲವೇ ಅಂಟಂಟಾಗಿ ಕೊನೆಗೆ ಪುಡಿಯಾಗುತ್ತಿತ್ತು.

ನಾಟಕ ಓದಿದಾಗಿನಿಂದ ಒಂದು ದೃಶ್ಯ ಮನಸ್ಸಿನಲ್ಲೇ ಕೂತಿದೆ. ರಾಜನ ಬಾವಮೈದುನನಾದ ಹೊಟ್ಟೆಕಿಚ್ಚಿನ ಶಕಾರ ತೋಟದಲ್ಲಿ ವಸಂತಸೇನೆಯ ಕತ್ತು ಹಿಸುಕುತ್ತಾನೆ. ಸತ್ತಳೆಂದುಕೊಂಡು ಒಣಗಿದ ಎಲೆ ಮುಚ್ಚಿ, ಕೊಲೆಯ ಆರೋಪವನ್ನು ಅವಳ ಪ್ರಿಯಕರ ಚಾರುದತ್ತನ ಮೇಲೆ ಹಾಕುತ್ತಾನೆ. ಚಾರುದತ್ತನನ್ನು ಕೊಲ್ಲಲು ಒಯ್ದ ವಧಾಸ್ಥಾನಕ್ಕೆ ಬದುಕುಳಿದ ಅವಳೇ ಓಡಿ ಬರುತ್ತಾಳೆ. ಕೊನೆಗೆ ಚಾರುದತ್ತ ಅದೇ ಶಕಾರನನ್ನು ಕ್ಷಮಿಸಿ ಬಿಡಿಸುತ್ತಾನೆ! ಮಾತೇ ಇಲ್ಲದೆ ಈ ಕ್ಷಮೆಯನ್ನು ತೆರೆಯ ಮೇಲೆ ಹೇಗೆ ತೋರಿಸಿರಬಹುದು, ಅಲ್ವಾ?

ಅಜ್ಜ ಅಜ್ಜಿಯರ ಪೆಟ್ಟಿಗೆಯಲ್ಲಿ ಸ್ಟಿಲ್ ಫೋಟೋ, ಕರಪತ್ರ, ಟಿಕೆಟ್, 1931ರ ಪತ್ರಿಕೆಯ ಜಾಹೀರಾತು ಏನಾದರೂ ಇದೆಯಾ? ಸುಮ್ನೆ ಒಮ್ಮೆ ನೋಡಿ. ಕೊಡಬೇಕಾಗಿಲ್ಲ, ಎರಡೂ ಬದಿಯ ಫೋಟೋ ತೆಗೆದು ಇಲ್ಲೇ ಹಾಕಿದರೆ ಸಾಕು. ಹಿಂಬದಿಯಲ್ಲಿ ಬರೆದಿರುವ ಊರಿನ ಹೆಸರೂ ಮುಖ್ಯ. ಹಳೇ ರೀಲಿನ ಡಬ್ಬಿ ಸಿಕ್ಕರೆ ಮಾತ್ರ ದಯವಿಟ್ಟು ಬಿಚ್ಚಬೇಡಿ, ಬೆಂಕಿ ಬಿಸಿಲಿನಿಂದ ದೂರ ಇಟ್ಟು ಮೊದಲು ತಿಳಿಸಿ.