ಪದಚರ್ಚೆ: ‘ನೆವಾಜಾ’ಗೆ ‘ನೆಲಪಟ್ಟು’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಜಪಾನಿನ ಜೂಡೊ ಆಟಗಾರ್ತಿ ಶೋರಿ ಹಮಾದಾ ಬಗ್ಗೆ ಮಕ್ಕಳಿಗೆಂದು ಒಂದು ಪುಟ್ಟ ಬರಹ ಬರೆಯುತ್ತಿದ್ದೇನೆ. ಅವರನ್ನು ‘ನೆವಾಜಾದ ರಾಣಿ’ ಅಂತ ಕರೆಯುತ್ತಾರೆ. ಈ ‘ನೆವಾಜಾ’ ಹತ್ತಿರವೇ ಪೆನ್ನು ನಿಂತಿದೆ. ಕನ್ನಡದಲ್ಲಿ ಇದಕ್ಕೆ ಏನನ್ನೋಣ?

ಮೊದಲು ಹೊಳೆದದ್ದು ‘ನೆಲಪಟ್ಟು’. ಕೇಳೋಕೆ ಚೆನ್ನಾಗಿದೆ, ಮೊದಲ ಅಕ್ಷರವೂ ಕೂಡಿಬರುತ್ತದೆ. ಆದರೆ ಜಪಾನಿ ಭಾಷೆಯ ‘ನೆ’ಗೂ ನಮ್ಮ ನೆಲಕ್ಕೂ ನಂಟಿಲ್ಲ. ಅಲ್ಲಿ ‘ನೆರು’ ಅಂದರೆ ಮಲಗು. ‘ವಾಜಾ’ ಅಂದರೆ ಪಟ್ಟು, ವರಸೆ. ಇದರ ಜೋಡಿಪದ ‘ತಾಚಿವಾಜಾ’, ಅಂದರೆ ನಿಂತು ಹಾಕುವ ಪಟ್ಟು. ಹಾಗಾಗಿ ನೆವಾಜಾ ಅಂದರೆ ಮಲಗಿ ಹಾಕುವ ಪಟ್ಟು.

ತೊಡಕು ಬರುವುದು ಇಲ್ಲೇ. ಜೂಡೊದಲ್ಲಿ ಕೆಳಗೆ ಹೋದ ಮೇಲೂ ಆಟ ಮುಂದುವರಿಯಬಹುದು. ನಮ್ಮ ಮಾತಿನಲ್ಲಿ ಬಿದ್ದರೆ ಕಥೆ ಮುಗಿದ ಹಾಗೆ. ಚಿತ್ತಾದ, ನೆಲ ಕಚ್ಚಿದ, ಮಣ್ಣು ಮುಕ್ಕಿದ ಎಲ್ಲವೂ ಸೋಲಿನ ಮಾತುಗಳೇ. ‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಅನ್ನುವಾಗಲೂ ಬಿದ್ದವನು ಸೋತ ಅನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ.

ಹಮಾದಾ ಆಡಿದ ಟೋಕಿಯೊ ಒಲಿಂಪಿಕ್ಸ್ ಫೈನಲ್‌ನ ವಿಡಿಯೊವನ್ನು ದೊಡ್ಡಪ್ಪನಿಗೆ ತೋರಿಸಿದೆ. ಅವರು ಹರೆಯದಲ್ಲಿ ಗರಡಿಗೆ ಹೋದವರು. ಇಬ್ಬರೂ ಕೆಳಗೆ ಹೋದ ಕೂಡಲೇ ‘ಮುಗೀತಲ್ವಾ, ಯಾರು ಗೆದ್ರು?’ ಅಂದರು. ಇನ್ನೂ ಇದೆ ನೋಡಿ ದೊಡ್ಡಪ್ಪ, ಅಂದೆ. ಹಮಾದಾ ಎದುರಾಳಿಯನ್ನು ಒತ್ತಿ ಹಿಡಿದರು. ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ‘ಮೈಭಾರ ಎಲ್ಲಾ ಕೆಳಗಿನವಳ ಮೇಲೆ ಬಿಟ್ಟಿದಾಳೆ, ಇನ್ನು ಏಳೋಕಾಗಲ್ಲ’ ಅಂದರು. ಹಾಗೇ ಆಯಿತು. ಅಂಗಾತ ಒತ್ತಿ 20 ಸೆಕೆಂಡು ಹಿಡಿದರೆ ‘ಇಪ್ಪೊನ್’, ಅಂದರೆ ಪೂರ್ತಿ ಗೆಲುವು.

ಹಮಾದಾ ಕಾಗೊಶಿಮಾದವರು, ಜಪಾನಿನ ಆತ್ಮರಕ್ಷಣಾ ಪಡೆಯಲ್ಲಿ, ಅಂದರೆ ಅಲ್ಲಿನ ಸೇನೆಯಲ್ಲಿ ಇದ್ದವರು. 2018ರಲ್ಲಿ ಅಜರ್‌ಬೈಜಾನಿನ ಬಾಕುವಿನಲ್ಲಿ 78 ಕೆಜಿ ವಿಭಾಗದ ವಿಶ್ವ ಚಾಂಪಿಯನ್ ಆದರು. ಮರುವರ್ಷ ಟೋಕಿಯೊದಲ್ಲಿ ಫ್ರಾನ್ಸಿನ ಮದ್ಲೆನ್ ಮಲೊಂಗಾ ಎದುರು ಫೈನಲ್ ಸೋತರು. 2021ರ ಜುಲೈನಲ್ಲಿ ನಡೆದ ಒಲಿಂಪಿಕ್ಸ್ ಫೈನಲ್‌ಗೆ ಬಂದವರೂ ಅದೇ ಮಲೊಂಗಾ. ಆ ದಿನ ಹಮಾದಾ ಆಡಿದ್ದು ನಾಲ್ಕು ಕುಸ್ತಿ. ನಾಲ್ಕನ್ನೂ ನೆವಾಜಾದಿಂದಲೇ ಗೆದ್ದರು! ಇದನ್ನು ‘ನೆಲಕ್ಕೆ ಕೆಡವಿ ಗೆದ್ದರು’ ಅಂತ ಬರೆದರೆ ಅವರ ಆಟಕ್ಕೇ ಮೋಸ. ಕೆಡವಿ ಅಲ್ಲ, ಕೆಳಗೆ ಹೋದ ಮೇಲೆ ಗೆದ್ದರು.

ಇನ್ನೊಂದು ಸ್ವಾರಸ್ಯ. ‘ನೆವಾಜಾ’ ಜಪಾನಿನಲ್ಲಿ ಅಖಾಡ ದಾಟಿ ರಾಜಕೀಯಕ್ಕೂ ಹೋಗಿದೆ. ಎದುರಿಗೆ ಕಾಣಿಸಿಕೊಳ್ಳದೆ ಒಳಗಿಂದೊಳಗೇ ಕೆಲಸ ಸಾಧಿಸುವವರನ್ನು ‘ನೆವಾಜಾಶಿ’ ಅನ್ನುತ್ತಾರೆ. ನಮ್ಮ ‘ಪಟ್ಟು’ ಕೂಡ ಗರಡಿಯಲ್ಲೇ ಉಳಿದಿಲ್ಲ, ಪಟ್ಟು ಹಿಡಿಯುವುದು, ಪಟ್ಟು ಸಡಿಲಿಸುವುದು ದಿನಾ ಪೇಪರಿನಲ್ಲಿ ಓದುತ್ತೇವೆ. ಅದಕ್ಕೇ ‘ವಾಜಾ’ಗೆ ‘ತಂತ್ರ’ಕ್ಕಿಂತ ‘ಪಟ್ಟು’ ಜಾಸ್ತಿ ಒಪ್ಪುತ್ತದೆ ಅಂತ ನನಗನಿಸುತ್ತದೆ.

ಹಾಗಂತ ಎಲ್ಲಾ ಹೆಸರನ್ನೂ ಕನ್ನಡ ಮಾಡಲೇಬೇಕು ಅಂತಿಲ್ಲ. ‘ಕೆಸಾಗತಾಮೆ’ ಅನ್ನುವ ಹಿಡಿತವನ್ನೇ ನೋಡಿ. ‘ಕೆಸಾ’ ಅಂದರೆ ಬೌದ್ಧ ಭಿಕ್ಷುಗಳು ಹೆಗಲಿಂದ ಓರೆಯಾಗಿ ಹೊದೆಯುವ ಬಟ್ಟೆ. ಎದೆಗೆ ಅಡ್ಡಲಾಗಿ ಹಿಡಿಯುವುದರಿಂದ ಆ ಹೆಸರು. ಆ ‘ಕೆಸಾ’ ಬೇರೇನೂ ಅಲ್ಲ, ನಮಗೂ ಗೊತ್ತಿರುವ ‘ಕಾಷಾಯ’. ಭಾರತದಿಂದ ಚೀನಾ ಸುತ್ತಿ ಜಪಾನಿಗೆ ಹೋದ ಪದ. ಇದನ್ನು ಮಾತ್ರ ಮುಟ್ಟದೆ ಹಾಗೇ ಇಡುವ ಆಸೆ.

ಈಗ ನನ್ನ ಪ್ರಶ್ನೆಗಳು. ‘ನಿಲುಪಟ್ಟು’, ‘ಒರಗುಪಟ್ಟು’ ಅಂತ ಜೋಡಿ ಮಾಡಿದರೆ ಹೇಗೆ? ‘ಒರಗು’ ಅಂದರೆ ಗೋಡೆಗೆ ಒರಗಿದ್ದು ನೆನಪಾಗುತ್ತದೆಯೇ? ಹಾಗಾದರೆ ‘ನೆಲಪಟ್ಟು’ ಅಂತಲೇ ಇಟ್ಟು, ಒಂದು ಸಾಲಿನಲ್ಲಿ ಬಿಡಿಸಿ ಹೇಳುತ್ತೇನೆ.

ಮುಖ್ಯವಾಗಿ ಗರಡಿ ಬಲ್ಲವರು ಹೇಳಬೇಕು. ಎದುರಾಳಿ ಬೋರಲು ಬಿದ್ದು, ಆಮೆಯ ಹಾಗೆ ಕೈಕಾಲು ಒಳಗೆಳೆದುಕೊಂಡಾಗ ಅವನನ್ನು ಮಗುಚಿ ಅಂಗಾತ ಮಾಡುವ ಪಟ್ಟುಗಳು ಮಟ್ಟಿ ಕುಸ್ತಿಯಲ್ಲೂ ಇವೆಯಲ್ಲ. ನಿಮ್ಮ ಕಡೆ ಅವುಗಳಿಗೆಲ್ಲ ಸೇರಿ ಒಂದು ಹೆಸರು ಇದೆಯೇ? ದೊಡ್ಡಪ್ಪ ‘ಕೆಳಗಿನ ಕೆಲಸ’ ಅಂದರು. ಬೇರೆ ಊರಲ್ಲೂ ಹೀಗೇ ಅನ್ನುತ್ತಾರಾ?