ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳಿದ್ರೆ ಬೇಡ ಅನ್ನು ಪುಟ್ಟಿ

ಪುಟ್ಟಿ, ಮೊದಲು ಆ ಕಾರ್ಡ್ ರೀಡರ್‌ನ ಫೋನಿಂದ ತೆಗೆದು ಪಕ್ಕಕ್ಕಿಡು, ಆಮೇಲೆ ಇದನ್ನ ಕೇಳು. "ಕ್ಯಾಮೆರಾ ಕಾರ್ಡ್ ಫೋನಿಗೆ ಹಾಕಿದ್ರೆ ಓದಕ್ಕಾಗ್ತಿಲ್ಲ, ಫಾರ್ಮ್ಯಾಟ್ ಮಾಡಿ ಅಂತ ಬರ್ತಿದೆ, ಫೋಟೋ ಎಲ್ಲಾ ಹೋಯ್ತಾ ದೊಡ್ಡಮ್ಮ" ಅಂತ ಕೇಳಿದ್ಯಲ್ಲ, ಹೋಗಿಲ್ಲ. ನೀನು ಹೂಂ ಅಂತ ಒತ್ತದೇ ಇದ್ರೆ ಸಾಮಾನ್ಯವಾಗಿ ಒಂದೂ ಹೋಗಿರಲ್ಲ. ಒತ್ತಬೇಡ. ನಿಮ್ಮಪ್ಪ ಪಕ್ಕದಲ್ಲಿ ಕೂತ್ಕೊಂಡು "ಒತ್ತಿ ನೋಡು, ಏನಾಗತ್ತೆ" ಅಂತಿರ್ತಾರೆ, ಅವರ ಮಾತು ಇದೊಂದರಲ್ಲಿ ಕೇಳಬೇಡ.

ಸೀನು ಕಾರ್ಡಿಗೆ ಆಗಿದ್ದೂ ಇದೇ ಅಲ್ವಾ, ಎಲ್ಲರಿಗೂ ಗೊತ್ತಿರೋದೇ. ಮಗು ಮೊದಲು ಹೆಜ್ಜೆ ಇಟ್ಟ ದಿನದ್ದು ಎಲ್ಲಾ ಅದರಲ್ಲೇ ಇತ್ತು. ಫೋನ್ ಕೇಳ್ತು, ಇವನು ಒತ್ತಿದ. ಅವನದ್ದು 64 ಜಿಬಿ ಕಾರ್ಡು. 32 ಜಿಬಿ ತನಕದ ಕಾರ್ಡ್ ಮೇಲೆ ಎಸ್‌ಡಿಎಚ್‌ಸಿ ಅಂತಿರತ್ತೆ, ಅದನ್ನ ಕ್ಯಾಮೆರಾ ಫ್ಯಾಟ್32 ಅನ್ನೋ ರೀತೀಲಿ ಫಾರ್ಮ್ಯಾಟ್ ಮಾಡ್ಕೊಂಡಿರತ್ತೆ. ಅದಕ್ಕಿಂತ ದೊಡ್ಡದು ಎಸ್‌ಡಿಎಕ್ಸ್‌ಸಿ, ಅದು ಎಕ್ಸ್‌ಫ್ಯಾಟ್. ಕೆಲವು ಆಂಡ್ರಾಯ್ಡ್ ಫೋನಿಗೆ, ಅದರಲ್ಲೂ ಹಳೇದಕ್ಕೆ, ಎಕ್ಸ್‌ಫ್ಯಾಟ್ ಓದಕ್ಕೇ ಬರಲ್ಲ. ಕೆಲವು ಹಳೇ ರೀಡರ್‌ಗಳಿಗೆ ಎಸ್‌ಡಿಎಕ್ಸ್‌ಸಿ ಕಾರ್ಡೇ ಓದಕ್ಕೆ ಬರಲ್ಲ. ಫೋನು ತನಗೆ ಓದಕ್ಕೆ ಬರಲ್ಲ ಅಂತ ಹೇಳ್ಬೇಕು ತಾನೇ? ಹೇಳಲ್ಲ. ಕಾರ್ಡೇ ಕೆಟ್ಟಿದೆ ಅನ್ನತ್ತೆ.

ಫಾರ್ಮ್ಯಾಟ್ ಅಂದ ತಕ್ಷಣ ಫೋಟೋಗಳೇ ಅಳಿಸಿ ಹೋಗಿರಲ್ಲ. ಸಾಮಾನ್ಯವಾಗಿ ಯಾವ ಫೋಟೋ ಎಲ್ಲಿದೆ ಅನ್ನೋ ಪಟ್ಟಿ ಮಾತ್ರ ಹೋಗಿರತ್ತೆ. ಆವಾಗಲೇ ಕಾರ್ಡ್ ತೆಗೆದು ಇಟ್ಟುಬಿಟ್ಟಿದ್ರೆ ಬಹುಪಾಲು ವಾಪಸ್ ಬರ್ತಿತ್ತು. ಸೀನು ಅದನ್ನೇ ಕ್ಯಾಮೆರಾಗೆ ಹಾಕಿ ಇನ್ನೊಂದಷ್ಟು ತೆಗೆದ. ಹೊಸದು ಹೋಗಿ ಹಳೇದರ ಜಾಗದಲ್ಲೇ ಕೂತ್ಕೊಳ್ತು, ಅಲ್ಲಿಗೆ ಮುಗೀತು. ಫೋಟೋರೆಕ್ ಅಂತ ದುಡ್ಡಿಲ್ಲದ ಸಾಫ್ಟ್‌ವೇರ್ ಇದೆ, ಕಂಪ್ಯೂಟರಲ್ಲಿ ಹಾಕಿ ಹುಡುಕಿಸಿದ್ವಿ. ಸಿಕ್ಕಿದ್ದನ್ನ ಅದೇ ಕಾರ್ಡಿಗೆ ಉಳಿಸಬಾರದು, ಕಂಪ್ಯೂಟರಿಗೇ ಉಳಿಸ್ಬೇಕು, ಇಲ್ದಿದ್ರೆ ಉಳಿದಿದ್ದೂ ಹೋಗತ್ತೆ. ಸಿಕ್ಕ ಫೋಟೋಗೆ ಹಳೇ ಹೆಸರೂ ಇರಲ್ಲ, ಎಫ್ ಅಂತ ಶುರುವಾಗಿ ಉದ್ದಕ್ಕೆ ನಂಬರು. ಕೆಲವದರಲ್ಲಿ ಮೇಲರ್ಧ ಮಗು, ಕೆಳಗರ್ಧ ಬರೀ ಬೂದು ಬಣ್ಣ.

ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ, ಫೋನ್ ಏನೇ ಹೇಳ್ಲಿ, ಎಷ್ಟು ಸಲನೇ ಕೇಳ್ಲಿ, ಫಾರ್ಮ್ಯಾಟ್ ಒತ್ತಬೇಡ. ಎಸ್‌ಡಿ ಕಾರ್ಡಿನ ಎಡ ಅಂಚಲ್ಲಿ ಒಂದು ಚಿಕ್ಕ ಲಾಕ್ ಇದೆ, ಉಗುರಲ್ಲಿ ಕೆಳಕ್ಕೆ ಸರಿಸು, ಆಗ ಕಾರ್ಡಿಗೆ ಏನೂ ಬರೆಯಕ್ಕಾಗಲ್ಲ, ಅಳಿಸಕ್ಕೂ ಆಗಲ್ಲ. ಅದನ್ನ ಲೆಕ್ಕಕ್ಕೇ ಇಟ್ಕೊಳ್ಳದ ರೀಡರ್‌ಗಳೂ ಇವೆ, ಆದ್ರೂ ಸರಿಸಿಡು.

ಹೇಳಿದ್ರೆ ಯಾರು ಕೇಳ್ತೀರ ಅನ್ನಿ. ಈ ಗ್ರೂಪಲ್ಲಿ ನಾನು ಫೋಟೋನ ಡಾಕ್ಯುಮೆಂಟ್ ಅಂತಲೇ ಕಳಿಸ್ತೀನಿ, ಯಾಕೆ? ಹಾಗೇ ಕಳಿಸಿದ್ರೆ 6000 ಪಿಕ್ಸೆಲ್ ಅಗಲದ ಫೋಟೋನ ವಾಟ್ಸ್ಆ್ಯಪ್ 1600ರ ಆಸುಪಾಸಿಗೆ ಇಳಿಸಿಬಿಡತ್ತೆ. ಎಚ್‌ಡಿ ಅಂತ ಒತ್ತಿದ್ರೂ ಕುಗ್ಗಿಸೇ ಕಳಿಸೋದು. ಡಾಕ್ಯುಮೆಂಟ್ ಆದ್ರೆ 2 ಜಿಬಿ ತನಕ ಇದ್ದಿದ್ದು ಇದ್ದ ಹಾಗೇ ಹೋಗತ್ತೆ. ನಾನು ಅಷ್ಟು ಮಾಡಿದ್ರೆ ನೀವೇನ್ ಮಾಡ್ತೀರ? "ದೊಡ್ಡಮ್ಮ ಇದು ಫೋಟೋ ಥರ ಕಾಣ್ತಿಲ್ಲ" ಅಂತ ಒಬ್ರು, ಅದನ್ನ ತೆರೆದು ಸ್ಕ್ರೀನ್‌ಶಾಟ್ ಹೊಡೆದು ಇದೇ ಗ್ರೂಪಿಗೆ ವಾಪಸ್ ಹಾಕೋರು ಇನ್ನೊಬ್ರು. ಆ ಸ್ಕ್ರೀನ್‌ಶಾಟ್‌ಗೆ ಇಪ್ಪತ್ತು ಹಾರ್ಟು. ಆಮೇಲೆ ಅದನ್ನೇ ದೊಡ್ಡದು ಮಾಡಿ ಫ್ರೇಮ್ ಹಾಕಿಸಿ, ಮುಖ ಮಸುಕಾಗಿದೆ, ಕ್ಯಾಮೆರಾ ಸರಿ ಇಲ್ಲ ಅಂತ ನನಗೇ ಹೇಳೋದು. ಹೆಸರು ಹೇಳಲ್ಲ, ಕೇಳಿಸ್ಕೊಳ್ತಿದ್ದಾರೆ.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವೇ ಹೇಳಿಲ್ವಲ್ಲ. ಕಾರ್ಡ್‌ನ ಕ್ಯಾಮೆರಾಗೇ ವಾಪಸ್ ಹಾಕಿ ಪ್ಲೇ ಬಟನ್ ಒತ್ತು. ಫೋಟೋ ಕಾಣಿಸ್ತಾ, ಕಾರ್ಡ್ ಚೆನ್ನಾಗಿದೆ, ಓದಕ್ಕೆ ಬರದೇ ಇರೋದು ಫೋನಿಗೆ. ಹಾಗಾದ್ರೆ ರೀಡರ್ ಬಿಟ್ಟುಬಿಡು, ಕ್ಯಾಮೆರಾ ಕೈಲೇ ಓದಿಸು. ಯುಎಸ್‌ಬಿ ಕೇಬಲ್ಲಲ್ಲಿ ಕ್ಯಾಮೆರಾನ ನೇರ ಫೋನಿಗೆ ಹಾಕಿದ್ರೆ ಕಾರ್ಡ್ ಓದೋ ಕೆಲಸ ಕ್ಯಾಮೆರಾದ್ದು, ಫೋನಿಗೆ ಫೈಲ್ ಬರತ್ತೆ ಅಷ್ಟೇ, ಎಕ್ಸ್‌ಫ್ಯಾಟ್ ಗೊತ್ತಿರಬೇಕಾಗೇ ಇಲ್ಲ. ಕೇಬಲ್ ಮಾತ್ರ ಡೇಟಾ ಹೋಗೋದು ಬೇಕು, ಬರೀ ಚಾರ್ಜಿಂಗ್ ಕೇಬಲ್ ಹಾಕಿದ್ರೆ ಏನೂ ಬರಲ್ಲ. ಇನ್ನೊಂದು ತುದಿ ದೊಡ್ಡ ಯುಎಸ್‌ಬಿ ಆದ್ರೆ ಫೋನ್ ಕಡೆಗೆ ಒಂದು ಒಟಿಜಿ ಅಡಾಪ್ಟರ್, ಅಂದ್ರೆ ದೊಡ್ಡ ಯುಎಸ್‌ಬಿನ ಫೋನಿಗೆ ಕೂರಿಸೋ ಚಿಕ್ಕ ತುಂಡು, ಬೇಕು. ಕೆಲವು ಫೋನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಒಟಿಜಿ ಆನ್ ಮಾಡ್ಬೇಕು, ಸ್ವಲ್ಪ ಹೊತ್ತು ಬಿಟ್ರೆ ತಾನೇ ಆಫ್ ಆಗತ್ತೆ. ಕ್ಯಾಮೆರಾ ಆನ್ ಮಾಡು, ಫೋನಿನ ಫೈಲ್ಸ್ ಆ್ಯಪಲ್ಲಿ ಕ್ಯಾಮೆರಾ ಹೆಸರು ಬರತ್ತೆ, ಅದರೊಳಗೆ ಡಿಸಿಐಎಂ ಫೋಲ್ಡರ್, ಫೋಟೋ ಇರೋದು ಅಲ್ಲೇ. ಒಂದನ್ನ ಒತ್ತಿ ಹಿಡಿದು ಬೇಕಾದ್ದೆಲ್ಲಾ ಆರಿಸಿ ಕಾಪಿ ಮಾಡು. ಮೂವ್ ಅಲ್ಲ, ಕಾಪಿ. ಮೂವ್ ಮಾಡ್ತಾ ಮಾಡ್ತಾ ಕೇಬಲ್ ಅಲ್ಲಾಡಿದ್ರೆ ಅಲ್ಲೂ ಇಲ್ಲ ಇಲ್ಲೂ ಇಲ್ಲ ಆಗಬಹುದು. ರಮ್ಯಾ, ನಿನ್ನ ಐಫೋನಲ್ಲಾದ್ರೆ ಫೋಟೋಸ್ ಆ್ಯಪಲ್ಲೇ ಇಂಪೋರ್ಟ್ ಬರತ್ತೆ. ಮುಗಿದ ಮೇಲೆ ಡಿಲೀಟಾ ಕೀಪಾ ಅಂತ ಕೇಳತ್ತೆ, ಕೀಪ್.

ಕೇಬಲ್ ಇಲ್ದಿದ್ರೆ ವೈಫೈ. ಪುಟ್ಟಿ, ನಿನ್ನದು ನಿಕಾನ್, ಆ್ಯಪ್ ಹೆಸರು ಸ್ನ್ಯಾಪ್‌ಬ್ರಿಡ್ಜ್. ಸೀನು, ನಿನ್ನ ಕ್ಯಾನನ್‌ಗೆ ಕ್ಯಾಮೆರಾ ಕನೆಕ್ಟ್. ಸ್ನ್ಯಾಪ್‌ಬ್ರಿಡ್ಜಲ್ಲಿ ತಾನಾಗೇ ಬರೋದು 2 ಮೆಗಾಪಿಕ್ಸೆಲ್‌ದು, ಅದು 6x4 ಇಂಚಿನ ಪ್ರಿಂಟಿಗೆ ಸಾಕು, ಅದಕ್ಕಿಂತ ದೊಡ್ಡದಕ್ಕೆ ಸಾಲಲ್ಲ. ಆ್ಯಪಲ್ಲಿ ಫೋಟೋ ಆರಿಸಿ ಡೌನ್‌ಲೋಡ್ ಮಾಡುವಾಗ ಒರಿಜಿನಲ್ ಅಂತ ಕೊಡು. ಕ್ಯಾಮೆರಾ ವೈಫೈಗೆ ಸೇರಿದ ಮೇಲೆ ಫೋನ್ "ಇದರಲ್ಲಿ ಇಂಟರ್ನೆಟ್ ಇಲ್ಲ" ಅಂತ ತಾನೇ ಬಿಟ್ಟು ಬರತ್ತೆ, ಅರ್ಧಕ್ಕೆ ನಿಲ್ಲೋದು ಎಷ್ಟೋ ಸಲ ಇದಕ್ಕೇ. ಅಷ್ಟು ಹೊತ್ತು ಮೊಬೈಲ್ ಡೇಟಾ ಆಫ್ ಮಾಡು. ಬ್ಯಾಟರಿ ಪೂರ್ತಿ ಚಾರ್ಜ್ ಮಾಡ್ಕೊಂಡೇ ಶುರು ಮಾಡು.

ಹೆಸರಿನ ಕೊನೇಲಿ ಎನ್ಇಎಫ್ ಅಂತಿರೋದು ರಾ ಫೈಲು, ಅಂದ್ರೆ ಕ್ಯಾಮೆರಾ ಇನ್ನೂ ಜೆಪೆಗ್ ಮಾಡದೇ ಹಾಗೇ ಇಟ್ಟ ಫೋಟೋ, ಗ್ಯಾಲರೀಲಿ ಬಹಳ ಸಲ ತೆರೆಯಲ್ಲ. ಕ್ಯಾಮೆರಾದ ರೀಟಚ್ ಮೆನುವಲ್ಲಿ ಎನ್ಇಎಫ್ ಪ್ರೊಸೆಸಿಂಗ್ ಅಂತ ಇದ್ರೆ ಅಲ್ಲೇ ಜೆಪೆಗ್ ಮಾಡ್ಕೋ. ಆದ್ರೆ ಅದು ಹೊಸ ಫೈಲ್ ಬರೆಯತ್ತೆ, ಕಾರ್ಡಿನ ಲಾಕ್ ಮೇಲಕ್ಕೆ ಸರಿಸ್ಕೋಬೇಕು.

ಇನ್ನೊಂದು, ಕಾಪಿ ಆದ ಮೇಲೆ ಗ್ಯಾಲರಿ ತುದೀಲಿ ಕಾಣ್ಲಿಲ್ಲ ಅಂತ ಗಾಬರಿಯಾಗಬೇಡ. ಬ್ಯಾಟರಿ ಬಹಳ ದಿನ ತೆಗೆದಿಟ್ಟಿದ್ರೆ ಕ್ಯಾಮೆರಾ ಗಡಿಯಾರ ಹಿಂದಕ್ಕೆ ಹೋಗಿರತ್ತೆ, ಫೋಟೋಗಳು ಆ ಹಳೇ ತಾರೀಕಿನ ಕೆಳಗೆ ಹೋಗಿ ಕೂತಿರ್ತವೆ. ಕೆಳಗಿನ ತನಕ ಹುಡುಕು.

ಈಗ ಪ್ಲೇ ಬಟನ್ ಒತ್ತಿದಾಗ ಏನು ಬಂತು ಅಂತ ಇಲ್ಲೇ ಹೇಳು. ಕ್ಯಾಮೆರಾ ಪರದೆಯನ್ನ ಫೋನಲ್ಲಿ ಫೋಟೋ ತೆಗೆದು ಹಾಕಿದ್ರೂ ಸರಿ, ಅದಕ್ಕೆ ಡಾಕ್ಯುಮೆಂಟ್ ಬೇಡ.