ಗುಂಪಿನಲ್ಲಿದ್ದುಕೊಂಡೇ ಬೆಳೆದ ರ್ಯಾಪರ್‌ನನ್ನು ಅಳೆಯುವುದು ಹೇಗೆ? ಫೈಫ್ ಡಾಗ್ ಕುರಿತು ಒಂದು ಪ್ರಶ್ನೆ

ಪ್ರಶ್ನೆ

ಕೆಲವು ತಿಂಗಳುಗಳಿಂದ ನ್ಯೂಯಾರ್ಕಿನ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಎಂಬ ಹಿಪ್‌ಹಾಪ್ ಗುಂಪಿನ ಆಲ್ಬಂಗಳನ್ನು ಬಿಡುಗಡೆಯಾದ ಕ್ರಮದಲ್ಲೇ ಕೇಳುತ್ತಾ ಬಂದಿದ್ದೇನೆ. ಗುಂಪಿನ ಬಗ್ಗೆ ಎಲ್ಲಿ ಓದಿದರೂ ಮೊದಲು ಬರುವ ಹೆಸರು ಕ್ಯೂ-ಟಿಪ್ ಅವರದು. ಬೀಟ್‌ಗಳ, ಅಂದರೆ ರ್ಯಾಪ್‌ನ ಹಿಂದೆ ನುಡಿಯುವ ಸಂಗೀತದ, ಹಿಂದಿನ ಮುಖ್ಯ ಕಿವಿ ಅವರದೇ, ಮೊದಲ ಆಲ್ಬಂನಲ್ಲಿ ಹೆಚ್ಚಾಗಿ ಕೇಳಿಸುವ ದನಿಯೂ ಅವರದೇ, ಗುಂಪು ಒಡೆದ ಮೇಲೆ ಒಬ್ಬರೇ ನಿಂತು ಯಶಸ್ಸು ಕಂಡವರೂ ಅವರೇ. ಗುಂಪಿನ ಇನ್ನೊಬ್ಬ ರ್ಯಾಪರ್ ಫೈಫ್ ಡಾಗ್ ಬದುಕಿದ್ದಾಗ ತಮ್ಮದೇ ಹೆಸರಿನಲ್ಲಿ ಹೊರತಂದದ್ದು 2000ದಲ್ಲಿ ಬಂದ ಒಂದೇ ಒಂದು ಆಲ್ಬಂ, ಅದಕ್ಕೂ ದೊಡ್ಡ ಮನ್ನಣೆ ಸಿಗಲಿಲ್ಲ. ಹಾಗಿದ್ದೂ 2016ರ ಮಾರ್ಚ್ 22ರಂದು ಅವರು 45ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಗುಂಪಿನ ಅರ್ಧ ಜೀವವೇ ಹೋಯಿತು ಎಂಬಂತೆ ಜನ ದುಃಖಪಟ್ಟರು. ಇದು ಕೇವಲ ಅಗಲಿದವರ ಮೇಲಿನ ಪ್ರೀತಿಯೋ, ಅಥವಾ ಅವರ ಕೆಲಸದಲ್ಲಿ ನನ್ನ ಕಿವಿಗೆ ಇನ್ನೂ ಬೀಳದ ಏನಾದರೂ ಇದೆಯೋ? ತಿಳಿದವರು ವಿವರವಾಗಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1

ಒಬ್ಬರೇ ಹೊರತಂದ ಆಲ್ಬಂಗಳನ್ನು ಎಣಿಸಿ ಫೈಫ್ ಅವರನ್ನು ಅಳೆಯಲು ಹೊರಟರೆ ಅವರು ನಿಮಗೆ ಸಿಗುವುದೇ ಇಲ್ಲ. ಅವರ ಕಲೆ ಇರುವುದು ಇನ್ನೊಬ್ಬನ ಮಾತಿಗೆ ಎದುರುಮಾತು ಕೊಡುವುದರಲ್ಲಿ.

1990ರ ಮೊದಲ ಆಲ್ಬಂನಲ್ಲಿ ಅವರು ಕಾಣಿಸಿಕೊಂಡದ್ದು ನಾಲ್ಕೇ ಹಾಡುಗಳಲ್ಲಿ. ಆಗ ತಾವು ಈ ಕೆಲಸವನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ ಎಂದು ಅವರೇ ಮುಂದೆ ಒಪ್ಪಿಕೊಂಡಿದ್ದರು. ಆದುದರಿಂದ ನೀವು ಆ ಆಲ್ಬಂ ಕೇಳಿದ ಕೂಡಲೇ 1991ರ 'ದಿ ಲೋ ಎಂಡ್ ಥಿಯರಿ'ಯನ್ನು ಹಾಕಬೇಕು. ಮೊದಲ ಹಾಡನ್ನು ಪೂರ್ತಿಯಾಗಿ ಕ್ಯೂ-ಟಿಪ್ ಒಬ್ಬರೇ ನಡೆಸುತ್ತಾರೆ: ಮೂಗಿನಿಂದ ಹೊರಡುವ ಮೆತ್ತನೆಯ ದನಿ, ಅವಸರವಿಲ್ಲದ, ಯೋಚಿಸುತ್ತಾ ಸಾಗುವ ಸಾಲುಗಳು. ಎರಡನೆಯ ಹಾಡು ಶುರುವಾಗುತ್ತಿದ್ದಂತೆ ಫೈಫ್ ಮೈಕ್ ಪರೀಕ್ಷಿಸುವ ನೆಪದಲ್ಲಿ ಒಳಗೆ ನುಗ್ಗಿ, ತಮ್ಮ ಐದಡಿ ಎತ್ತರವನ್ನೇ ಬಿರುದಾಗಿ ಎತ್ತಿ ಹಿಡಿಯುತ್ತಾರೆ. ಎತ್ತರದ, ತುಸು ಕೀರಲು ದನಿ, ಗಟ್ಟಿಯಾಗಿ ಬಡಿಯುವ ಪ್ರಾಸ, ಸಾಲಿನ ಕೊನೆಯಲ್ಲಿ ಕೆಣಕುವ ನಗು. ನನ್ನ ಮಟ್ಟಿಗೆ ಆ ಗುಂಪು ನಿಜವಾಗಿ ಹುಟ್ಟಿದ್ದು ಆ ಕ್ಷಣದಲ್ಲಿ. ಅದೇ ಆಲ್ಬಂನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹೆಸರಿಡಿದು ಕರೆದು, ಸಿದ್ಧವಾಗಿದ್ದೀಯಾ ಎಂದು ಕೇಳಿ, ಉತ್ತರ ಪಡೆದ ಮೇಲೆಯೇ ಸಾಲುಗಳನ್ನು ಹಂಚಿಕೊಳ್ಳುವ ಹಾಡೊಂದಿದೆ. ಅದು ಬಾಲ್ಯದ ಗೆಳೆಯರ ಮಾತುಕತೆ. ಇಬ್ಬರೂ ನ್ಯೂಯಾರ್ಕಿನ ಕ್ವೀನ್ಸ್‌ನ ಸೇಂಟ್ ಆಲ್ಬನ್ಸ್ ಭಾಗದಲ್ಲಿ ಒಟ್ಟಿಗೆ ಬೆಳೆದವರು, ಅಲ್ಲಿನ ಲಿಂಡೆನ್ ಬೊಲೆವಾರ್ಡ್ ರಸ್ತೆ ಅವರ ಹಾಡುಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಇನ್ನೊಂದು ವಿಷಯ. ಫೈಫ್ ಅವರ ಮನೆತನ ಟ್ರಿನಿಡಾಡ್ ಮೂಲದ್ದು, ತಾಯಿ ಷೆರಿಲ್ ಬಾಯ್ಸ್-ಟೇಲರ್ ಹೆಸರಾಂತ ಕವಯಿತ್ರಿ. ಫೈಫ್ ಅವರ ಸಾಲುಗಳಲ್ಲಿ ಕೆರಿಬಿಯನ್ ಉಚ್ಚಾರಣೆಯೂ ಲಯವೂ ಥಟ್ಟನೆ ಇಣುಕಿ ಹೋಗುವುದನ್ನು ಗಮನಿಸಿ. ಬ್ಯಾಸ್ಕೆಟ್‌ಬಾಲ್ ಆಟಗಾರರ ಹೆಸರುಗಳು, ಬೀದಿಯ ಹರಟೆ, ಸ್ವಂತ ಕುಳ್ಳತನ ಇವೆಲ್ಲವನ್ನೂ ಅವರು ಪ್ರಾಸಕ್ಕೆ ಪೋಣಿಸಿದರು. ಕ್ಯೂ-ಟಿಪ್ ಆಕಾಶ ನೋಡುತ್ತಾ ನಡೆದರೆ ಫೈಫ್ ನೆಲ ನೋಡುತ್ತಾ ನಡೆಯುತ್ತಿದ್ದರು. ಒಂದನ್ನು ತೆಗೆದರೆ ಇನ್ನೊಂದರ ಬೆಲೆ ತಿಳಿಯುವುದಿಲ್ಲ.

ಉತ್ತರ 2

ಮೇಲಿನವರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ, ಆದರೆ ಫೈಫ್ ಅವರ ದೇಹಸ್ಥಿತಿಯನ್ನು ಬಿಟ್ಟು ಈ ವೃತ್ತಿಜೀವನವನ್ನು ವಿವರಿಸಲಾಗದು. ಮೊದಲ ಆಲ್ಬಂ ಬಂದ ಮರುತಿಂಗಳು, ಅಂದರೆ 1990ರ ಮೇ ತಿಂಗಳಲ್ಲಿ, ಇನ್ನೂ ಇಪ್ಪತ್ತು ತುಂಬದ ಹುಡುಗನಿಗೆ ಮಧುಮೇಹ ಇರುವುದು ಗೊತ್ತಾಯಿತು. ನಾವು ಈಗ ಕೊಂಡಾಡುವ ಎಲ್ಲ ವರ್ಸ್‌ಗಳೂ (ರ್ಯಾಪ್ ಚರಣಗಳೂ) ಆ ಕಾಯಿಲೆಯ ಜೊತೆಯಲ್ಲೇ ಬರೆದವು. 1993ರ 'ಮಿಡ್‌ನೈಟ್ ಮರಾಡರ್ಸ್' ಆಲ್ಬಂನ ಒಂದು ಹಾಡಿನಲ್ಲಿ ಅವರು ತಾವು ಮಧುಮೇಹಿ ಎಂಬುದನ್ನು ಮುಚ್ಚಿಡದೆ, ಹೆಮ್ಮೆಯ ಬಿರುದಿನಂತೆ ಸಾರಿದರು. ಬಲವನ್ನೇ ಬಂಡವಾಳ ಮಾಡಿಕೊಂಡ ಕಲೆಯಲ್ಲಿ ದೇಹದ ದೌರ್ಬಲ್ಯವನ್ನು ಹಾಗೆ ಹೇಳಿಕೊಳ್ಳಲು ಎಷ್ಟು ಧೈರ್ಯ ಬೇಕು ಎಂದು ಯೋಚಿಸಿ. ಆದರೆ ಸಿಹಿಯ ಚಟವನ್ನು ಬಿಡಲು ತಮ್ಮಿಂದ ಆಗಲಿಲ್ಲ ಎಂಬುದನ್ನೂ ಅವರು ಮುಂದೆ ಅಷ್ಟೇ ಪ್ರಾಮಾಣಿಕವಾಗಿ ಹೇಳಿಕೊಂಡರು. ಮೂತ್ರಪಿಂಡಗಳು ಕೈಕೊಟ್ಟವು. 2008ರಲ್ಲಿ ಅವರ ಪತ್ನಿ ತಮ್ಮ ಒಂದು ಮೂತ್ರಪಿಂಡವನ್ನೇ ದಾನ ಮಾಡಿದರು. ಆ ವರ್ಷಗಳಲ್ಲಿ ಗುಂಪು ಮತ್ತೆ ಒಂದಾಗಿ ವೇದಿಕೆ ಏರಿದ್ದಕ್ಕೆ ಚಿಕಿತ್ಸೆಯ ಖರ್ಚೂ ಒಂದು ಕಾರಣವಾಗಿತ್ತು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಎರಡನೆಯ ಆಲ್ಬಂ ಅನ್ನು ಮತ್ತೆ ಕೇಳಿದೆ, ಈ ಸಲ ಫೈಫ್ ಬರುವ ಜಾಗಗಳನ್ನೇ ಕಾಯುತ್ತಾ ಕೂತಿದ್ದೆ. ಅವರು ಒಳಗೆ ಬಂದೊಡನೆ ಹಾಡಿನ ಓಟವೇ ಬದಲಾಗುವುದು ಈಗ ಸ್ಪಷ್ಟವಾಗಿ ಕೇಳಿಸುತ್ತಿದೆ. ಆದರೆ ಇಷ್ಟು ಹೊಂದಾಣಿಕೆಯಿದ್ದ ಗುಂಪು 1998ರಲ್ಲಿ ಏಕೆ ಒಡೆಯಿತು ಎಂಬುದು ಇನ್ನೂ ಅರ್ಥವಾಗಿಲ್ಲ.

ಉತ್ತರ 3

ಒಂದೇ ಕಾರಣ ಹೇಳುವುದು ಅನ್ಯಾಯವಾದೀತು. ತೊಂಬತ್ತರ ದಶಕದ ನಡುವೆ ಫೈಫ್ ಅಟ್ಲಾಂಟಾಗೆ ನೆಲೆ ಬದಲಿಸಿದರು, ಇತ್ತ 1996ರ ನಾಲ್ಕನೆಯ ಆಲ್ಬಂ ಹೊತ್ತಿಗೆ ಡೆಟ್ರಾಯಿಟ್‌ನ ಜೇ ಡೀ ಬೀಟ್ ಕಟ್ಟುವ ಕೆಲಸಕ್ಕೆ ಸೇರಿಕೊಂಡರು, ಕ್ಯೂ-ಟಿಪ್ ಅವರ ಸಂಬಂಧಿಯಾದ ಇನ್ನೊಬ್ಬ ರ್ಯಾಪರ್‌ಗೂ ಹಲವು ಹಾಡುಗಳಲ್ಲಿ ಜಾಗ ದೊರೆಯಿತು. ತಾವು ಬದಿಗೆ ಸರಿಯುತ್ತಿದ್ದೇವೆ ಎಂಬ ನೋವು ಫೈಫ್ ಅವರಲ್ಲಿ ಬೇರೂರಿದ್ದು ಆಗಲೇ. 2011ರಲ್ಲಿ ಬಂದ ಗುಂಪಿನ ಸಾಕ್ಷ್ಯಚಿತ್ರದಲ್ಲಿ ಆ ಮನಸ್ತಾಪ ತೆರೆಯ ಮೇಲೆಯೇ ಕಾಣುತ್ತದೆ. ಅದನ್ನು ನೋಡಿ ಒಬ್ಬರನ್ನು ಖಳನನ್ನಾಗಿ ಮಾಡುವವರ ಜೊತೆ ನಾನು ಸೇರಲಾರೆ, ಏಕೆಂದರೆ ಬಾಲ್ಯದ ಗೆಳೆತನ ವ್ಯವಹಾರವೂ ಆದಾಗ ಇಬ್ಬರ ಪಾಲಿನ ಲೆಕ್ಕವೂ ಬೇರೆ ಬೇರೆಯಾಗಿಯೇ ಬರುತ್ತದೆ. ಹಣದ ಮಾತೂ ಸುಲಭವಾಗಿರಲಿಲ್ಲ. ಗುಂಪಿನ ಅತ್ಯಂತ ಜನಪ್ರಿಯ ಹಾಡುಗಳಲ್ಲೊಂದು ರಾಕ್ ಗಾಯಕ ಲೂ ರೀಡ್ ಅವರ ಹಾಡಿನ ಸ್ಯಾಂಪಲ್ ಮೇಲೆ, ಅಂದರೆ ಅದರಿಂದ ಎತ್ತಿಕೊಂಡ ತುಣುಕಿನ ಮೇಲೆ, ನಿಂತಿದೆ, ಅದರ ಗಳಿಕೆ ಲೂ ರೀಡ್ ಅವರಿಗೇ ಹೋಯಿತೆಂದು ಸ್ವತಃ ಫೈಫ್ ಸಂದರ್ಶನದಲ್ಲಿ ಹೇಳಿದ್ದರು.

ಆದರೆ ನಿಮ್ಮ ಮೊದಲ ಪ್ರಶ್ನೆಗೆ ನಿಜವಾದ ಉತ್ತರ ಕೊನೆಯ ಆಲ್ಬಂನಲ್ಲಿದೆ. 2015ರ ನವೆಂಬರ್‌ನಲ್ಲಿ, ಮೊದಲ ಆಲ್ಬಂನ 25 ವರ್ಷಗಳ ನೆನಪಿಗೆ, ಗುಂಪು ಟಿವಿ ಕಾರ್ಯಕ್ರಮವೊಂದರಲ್ಲಿ ಹಾಡಿತು. ಆ ರಾತ್ರಿಯ ಹುರುಪಿನಲ್ಲೇ ಹೊಸ ಆಲ್ಬಂ ಮಾಡುವ ನಿರ್ಧಾರವಾಯಿತು. ದನಿಯನ್ನು ಬೇರೆ ಊರಿನಲ್ಲಿ ಮುದ್ರಿಸಿ ಕಳುಹಿಸಿಬಿಡುವುದು ಸುಲಭವಾಗಿದ್ದ ಕಾಲದಲ್ಲೂ, ಎಲ್ಲರೂ ಒಂದೇ ಕೋಣೆಯಲ್ಲಿ ಕೂತೇ ಕೆಲಸ ಮಾಡುವುದೆಂದು ತೀರ್ಮಾನಿಸಿದರು. ಡಯಾಲಿಸಿಸ್ ಮೇಲೆ ಬದುಕುತ್ತಿದ್ದ ಫೈಫ್, ನ್ಯೂಜೆರ್ಸಿಯಲ್ಲಿದ್ದ ಕ್ಯೂ-ಟಿಪ್ ಅವರ ಮನೆಯ ಸ್ಟುಡಿಯೋಗೆ ಅದಕ್ಕಾಗಿ ಪ್ರಯಾಣ ಮಾಡಿ ಬರುತ್ತಿದ್ದರು. ಆಲ್ಬಂ ಮುಗಿಯುವ ಮೊದಲೇ ಅವರು ಹೋದರು. ಅದು 2016ರ ನವೆಂಬರ್‌ನಲ್ಲಿ ಬಿಡುಗಡೆಯಾಗಿ ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯ ಆಲ್ಬಂಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅದರ ಕೆಲವು ಹಾಡುಗಳಲ್ಲಿ ಫೈಫ್ ದನಿಯಿದೆ, ಕೆಲವಲ್ಲಿ ಉಳಿದವರು ಅವರನ್ನು ನೆನೆದು ಹಾಡಿದ್ದಾರೆ. ಅವರಿಲ್ಲದ ಆ ಜಾಗಗಳನ್ನೂ ಗಮನವಿಟ್ಟು ಕೇಳಿ: ಕ್ಯೂ-ಟಿಪ್ ಒಂದು ಸಾಲು ಮುಗಿಸಿದ ಕೂಡಲೇ ನಮ್ಮ ಕಿವಿ ತಾನಾಗಿ ಇನ್ನೊಂದು ದನಿಯನ್ನು ಕಾಯುತ್ತದೆ.